ಹೊಸ ಡಿಜೆಗಳು ಟರ್ನ್‌ಟೇಬಲ್ ಕೊಳ್ಳುವ ಮುನ್ನ

ಶಿವಮೊಗ್ಗದ ಸುತ್ತಮುತ್ತ ಡಿಜೆ ಕಲಿಯಲು ಹೊರಟವರು ಕಡಿಮೆ ಬೆಲೆಯ ಟರ್ನ್‌ಟೇಬಲ್ (ರೆಕಾರ್ಡನ್ನು ತಿರುಗಿಸಿ ನುಡಿಸುವ ಯಂತ್ರ) ಹುಡುಕುವಾಗ ಮೊದಲು ಮೋಟಾರನ್ನು ವಿಚಾರಿಸಬೇಕು. ಬೆಲ್ಟ್‌ನಿಂದ ತಿರುಗುವ ಯಂತ್ರ ಅಗ್ಗವಾದರೂ, ರೆಕಾರ್ಡನ್ನು ಬೆರಳಿನಿಂದ ತಡೆದು ಬಿಟ್ಟಾಗ ಮತ್ತೆ ವೇಗಕ್ಕೆ ಬರಲು ತಡಮಾಡುವುದರಿಂದ ಎರಡು ಹಾಡುಗಳ ತಾಳ ಕೂಡಿಸುವ ಅಭ್ಯಾಸಕ್ಕೆ ಒದಗುವುದಿಲ್ಲ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200ರಂತೆ ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುವ ಡೈರೆಕ್ಟ್ ಡ್ರೈವ್ ಯಂತ್ರವನ್ನೇ, ಬಳಸಿದ್ದಾದರೂ ಸರಿ, ಆರಿಸಿಕೊಳ್ಳಿ. ಬಳಸಿದ್ದಾದರೆ ತಟ್ಟೆಯ ಅಂಚಿನ ಚುಕ್ಕೆಗಳು ಮಿನುಗುವ ಸ್ಟ್ರೋಬ್ ಬೆಳಕಿನಲ್ಲಿ ನಿಂತಂತೆ ಕಾಣುತ್ತವೆಯೇ (ವೇಗ ಸರಿಯಿದ್ದರೆ ಹಾಗೆ ಕಾಣುತ್ತವೆ), ವೇಗವನ್ನು ಹೆಚ್ಚುಕಡಿಮೆ ಮಾಡುವ ಪಿಚ್ ಸ್ಲೈಡರ್ ಎಲ್ಲಿಯೂ ತಡೆಯದೆ ಸರಿಯುತ್ತದೆಯೇ, ಸೂಜಿಯನ್ನು ಹೊತ್ತ ತೋಳು, ಅಂದರೆ ಟೋನ್‌ಆರ್ಮ್, ಬುಡದಲ್ಲಿ ಅಲುಗಾಡುತ್ತದೆಯೇ ಎಂದು ಪರೀಕ್ಷಿಸಿ. ನಮ್ಮ ಮಳೆಗಾಲದ ತೇವಕ್ಕೆ, ಆ ತೋಳಿನ ತುದಿಯಲ್ಲಿ ಸೂಜಿಯನ್ನು ಹಿಡಿದಿಡುವ ಹೆಡ್‌ಶೆಲ್‌ನ ಸಂಪರ್ಕಗಳು ಕಿಲುಬು ಹಿಡಿದು ಒಂದು ಬದಿಯ ಸ್ಪೀಕರ್ ಮೂಕವಾಗುವುದುಂಟು (ಆಗುಂಬೆ, ತೀರ್ಥಹಳ್ಳಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ); ಅವನ್ನು ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸೂಜಿಯನ್ನು ಮಾತ್ರ ಹೊಸದಾಗಿಯೇ ಕೊಳ್ಳಿ, ಏಕೆಂದರೆ ಸವೆದ ಸೂಜಿ ರೆಕಾರ್ಡನ್ನೇ ಕೆರೆದು ಹಾಳುಮಾಡುತ್ತದೆ.