ಮೊಣಕಾಲಿನ ಕೆಳಗಿನ ಧಮನಿಗಳ ಬ್ಲಾಕ್: ಬಲೂನ್ ಚಿಕಿತ್ಸೆ ಫಲಿಸಿತೇ ಎಂದು ನಾವು ನೋಡುವ ಬಗೆ

ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ಎರಡು ವಾರ ದಾಟಿದರೂ ಮಾಯದಿದ್ದರೆ ನಾವು ಮೊದಲು ಅಳೆಯುವುದು ಹೆಬ್ಬೆರಳಿನ ರಕ್ತದೊತ್ತಡ. ತೋಳಿಗೂ ಪಾದದ ಕೀಲಿಗೂ ಪಟ್ಟಿ ಕಟ್ಟಿ, ಕೀಲಿನ ಒತ್ತಡವನ್ನು ತೋಳಿನದರಿಂದ ಭಾಗಿಸಿ ತೆಗೆಯುವ ಎಬಿಐ ಅಂಕಿಯನ್ನು ಇವರಲ್ಲಿ ನಂಬುವ ಹಾಗಿಲ್ಲ. ಧಮನಿಯ ಗೋಡೆಗೆ ಸುಣ್ಣ ಕಟ್ಟಿರುತ್ತದೆ, ಪಟ್ಟಿ ಎಷ್ಟು ಬಿಗಿದರೂ ನಾಳ ಮುಚ್ಚುವುದಿಲ್ಲ. ಕಪ್ಪಾಗುತ್ತಿರುವ ಕಾಲಿಗೂ 1.3ಕ್ಕಿಂತ ಹೆಚ್ಚು ಬರಬಹುದು. ಬೆರಳಿನ ನಾಳಗಳಲ್ಲಿ ಸುಣ್ಣ ಕಡಿಮೆ. ಅಲ್ಲಿ ಒತ್ತಡ ಪಾದರಸದ 30 ಮಿ.ಮೀ.ಗಿಂತ ಕೆಳಗಿದ್ದರೆ ನಾಳ ತೆರೆಯದೆ ಹುಣ್ಣು ಮಾಯುವ ಭರವಸೆ ತೀರಾ ಕಡಿಮೆ.

ನಾಳ ತೆರೆಯಲು ತೊಡೆಸಂದಿನ ಧಮನಿಗೆ, ಪಾದದ ಕಡೆಗೇ ಮುಖಮಾಡಿ, ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕುತ್ತೇವೆ. ಚುಚ್ಚು ಸ್ವಲ್ಪ ಮೇಲೆ ಬಿದ್ದರೂ ರಕ್ತ ಹೊಟ್ಟೆಯ ಹಿಂಭಾಗಕ್ಕೆ ಸೋರಬಹುದು. ಹೊರಗೆ ಊತ ಕಾಣದು, ಬಿಪಿ ಇಳಿದಾಗಲೇ ಗೊತ್ತಾಗುವುದು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್, ದೇಹತೂಕದ ಕೆ.ಜಿ.ಗೆ 70ರಿಂದ 100 ಯೂನಿಟ್; ಎಸಿಟಿ, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, 250 ಸೆಕೆಂಡ್ ದಾಟಬೇಕು. ಬಲೂನ್‌ಗೆ ದಾರಿ ಮಾಡುವ ವೈರ್ 0.014 ಇಂಚಿನದು. ಮೇಲಿನಿಂದ ಅದು ಬ್ಲಾಕ್ ದಾಟದಿದ್ದರೆ ಪಾದದ ಮೇಲಿನ ಧಮನಿಗೆ 21 ಗೇಜ್ ಸೂಜಿ ಹಾಕಿ ಕೆಳಗಿನಿಂದ ಹತ್ತಿಸುತ್ತೇವೆ.

ಬಲೂನ್ ಅಳತೆಯಲ್ಲಿ ಎಡವುವವರೇ ಹೆಚ್ಚು. ಆಂಜಿಯೋಗ್ರಾಮ್, ಅಂದರೆ ನಾಳಕ್ಕೆ ಬಣ್ಣ ಹಾಯಿಸಿ ತೆಗೆಯುವ ಎಕ್ಸ್-ರೇ ಚಿತ್ರ, ಒಳದಾರಿಯನ್ನಷ್ಟೇ ತೋರಿಸುತ್ತದೆ, ಗೋಡೆಯ ದಪ್ಪವನ್ನಲ್ಲ. ಅದನ್ನೇ ನಂಬಿ 2 ಮಿ.ಮೀ. ಆರಿಸಿದರೆ ನಾಳ ಅರೆಬರೆ ತೆರೆಯುತ್ತದೆ. ಮೊಣಕಾಲಿನ ಹತ್ತಿರ ಸಾಮಾನ್ಯವಾಗಿ 3, ಕೆಳಗೆ ಹೋದಂತೆ 2.5, ಪಾದದ ಕೀಲಿನ ಬಳಿ 2. ಉದ್ದ 150–200 ಮಿ.ಮೀ. ಇದ್ದರೆ ಒಂದೇ ಸಲಕ್ಕೆ ಮುಗಿಯುತ್ತದೆ, ಗೋಡೆ ಸೀಳುವುದೂ ಕಡಿಮೆ. ನಿಧಾನವಾಗಿ ಉಬ್ಬಿಸಿ ಮೂರು ನಿಮಿಷ ಹಿಡಿಯುತ್ತೇವೆ. ನಾಳ ಮುದುಡಿದರೆ ಅದನ್ನು ಸಡಿಲಿಸುವ ನೈಟ್ರೋಗ್ಲಿಸರಿನ್ 100–200 ಮೈಕ್ರೋಗ್ರಾಂ.

ಬಲೂನ್ ಇಳಿಸಿದ ಕೂಡಲೇ ತೆಗೆದ ಚಿತ್ರ ಎಷ್ಟೇ ಚೆನ್ನಾಗಿರಲಿ, ನಾವು ವೈರ್ ಹೊರಗೆ ಎಳೆಯುವುದಿಲ್ಲ. ಈ ನಾಳಗಳು ರಬ್ಬರಿನಂತೆ ಹಿಂದಕ್ಕೆ ಎಳೆದುಕೊಳ್ಳುತ್ತವೆ. ಹದಿನೈದು ನಿಮಿಷ ಬಿಟ್ಟು ಮತ್ತೊಂದು ಚಿತ್ರ ತೆಗೆದು, ಕಿರಿದಾಗಿದ್ದರೆ ಪುನಃ ಹಿಗ್ಗಿಸುತ್ತೇವೆ. ಇನ್ನೊಂದು ಪರೀಕ್ಷೆ, ಹುಣ್ಣಿನ ಸುತ್ತ ಬಣ್ಣ ಹರಡುತ್ತಿದೆಯೇ ಎಂಬುದು. ಹಿಮ್ಮಡಿಯ ಹುಣ್ಣಿಗೆ ಮುಂಭಾಗದ ಧಮನಿಯೊಂದನ್ನೇ ತೆರೆದು, ಪಾದದೊಳಗಿನ ಧಮನಿಗಳ ಕಮಾನು ಮುಚ್ಚಿದ್ದರೆ, ರಕ್ತ ಬೇಕಾದಲ್ಲಿಗೆ ಮುಟ್ಟುವುದಿಲ್ಲ.

ಹಿಂದಕ್ಕೆ ಎಳೆದುಕೊಳ್ಳುವುದನ್ನು ತಡೆಯಲೆಂದೇ ಕ್ರಮೇಣ ಕರಗುವ, ಔಷಧಿ ಲೇಪಿಸಿದ ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಬಂದಿದೆ. ಇದನ್ನು ಬಲೂನ್ ಜೊತೆ ಹೋಲಿಸಿ 2023ರಲ್ಲಿ ಪ್ರಕಟವಾದ ಲೈಫ್-ಬಿಟಿಕೆ ಪ್ರಯೋಗದಲ್ಲಿ 261 ರೋಗಿಗಳಿದ್ದರು. ಕಾಲು ಕತ್ತರಿಸದೆ, ನಾಳ ಮತ್ತೆ ಮುಚ್ಚದೆ ಅಥವಾ ಕಿರಿದಾಗದೆ ಒಂದು ವರ್ಷ ಕಳೆದವರು ಸ್ಟೆಂಟ್ ಗುಂಪಿನಲ್ಲಿ ಶೇ. 74, ಬಲೂನ್ ಗುಂಪಿನಲ್ಲಿ ಶೇ. 44. ಒಳ್ಳೆಯ ಫಲಿತಾಂಶವೇ. ಆದರೆ ಅಂತರ ಬಹುಪಾಲು ಬಂದದ್ದು ನಾಳ ತೆರೆದೇ ಉಳಿದದ್ದರಿಂದ, ಮತ್ತು ಅಲ್ಲಿನ ಬ್ಲಾಕ್‌ಗಳು ಗಿಡ್ಡ. ಮೊಣಕಾಲಿನಿಂದ ಪಾದದವರೆಗೂ ಕಟ್ಟಿಕೊಂಡ ಕಾಲಿಗೆ ಆ ಅಂಕಿಯನ್ನು ಹಾಗೇ ಅನ್ವಯಿಸಲು ನಾನು ಒಪ್ಪುವುದಿಲ್ಲ.

ನಾಳ ತೆರೆದ ಮೇಲೂ ಚರ್ಮದ ಆಮ್ಲಜನಕ ಪೂರ್ತಿ ಏರಲು ಮೂರು-ನಾಲ್ಕು ವಾರ ಹಿಡಿಯುತ್ತದೆ. ಒಣಗಿ ಕಪ್ಪಾದ ಬೆರಳನ್ನು ತೆಗೆಯಲು ಅಲ್ಲಿಯವರೆಗೆ ಕಾಯಬಹುದು. ಎಷ್ಟು ಕತ್ತರಿಸಬೇಕೆಂಬ ಗೆರೆ ಆಗ ಸ್ಪಷ್ಟವಾಗುತ್ತದೆ. ಕೀವು ತುಂಬಿದ್ದರೆ ಮಾತ್ರ ಒಂದು ದಿನವೂ ತಡೆಯಬಾರದು. ಮೊದಲು ಕೀವು ಹೊರಗೆ, ಆಮೇಲೆ ಬಲೂನ್.