ಸಿಬಿ ರೇಡಿಯೊಗೆ ಕರೆಂಟ್ ಎಲ್ಲಿಂದ ಎಳೆಯಬೇಕು?

ಗಾಡಿಯಲ್ಲಿ ಸಿಬಿ ರೇಡಿಯೊ (ಸಿಟಿಜನ್ಸ್ ಬ್ಯಾಂಡ್, ಅಂದರೆ ಮೈಕ್ ಹಿಡಿದು ಬೇರೆ ಗಾಡಿಯವರೊಡನೆ ಮಾತಾಡುವ ಸೆಟ್) ಕೂರಿಸುವಾಗ ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸಿ ಮುಗಿಸಬೇಡಿ. ಕೆಲಸವೇನೋ ಮಾಡುತ್ತದೆ. ಆದರೆ ಎಂಜಿನ್ ವೇಗ ಏರಿದಂತೆ ಸ್ಪೀಕರ್‌ನಲ್ಲಿ ಕುಂಯ್ ಎನ್ನುವ ಸದ್ದೂ ಏರುತ್ತಿದ್ದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನದು. ಎರಡೂ ವೈರ್‌ಗಳನ್ನು ನೇರ ಬ್ಯಾಟರಿಯಿಂದಲೇ ಎಳೆದರೆ ಈ ಕಾಟ ಬಹುಮಟ್ಟಿಗೆ ತಗ್ಗುತ್ತದೆ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕೆಂಪು ವೈರ್ ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ. ಅದಲುಬದಲಾದರೆ ಸೆಟ್ ಸುಟ್ಟೇ ಹೋಗಬಹುದು. ಫ್ಯೂಸ್ ರೇಡಿಯೊ ಹತ್ತಿರ ಇದ್ದರೆ ಸಾಲದು, ಪಾಸಿಟಿವ್ ವೈರ್‌ನಲ್ಲಿ ಬ್ಯಾಟರಿಯ ಪಕ್ಕದಲ್ಲೂ ಒಂದು ಬೇಕು. ದಯವಿಟ್ಟು ಇದನ್ನು ಬಿಡಬೇಡಿ: ನಡುವೆ ಎಲ್ಲೋ ವೈರ್ ಉಜ್ಜಿ ಗಾಡಿಯ ತಗಡಿಗೆ ತಾಗಿದರೆ ಬೆಂಕಿ ತಡೆಯುವುದು ಆ ಫ್ಯೂಸೇ. 4 ವ್ಯಾಟ್‌ನ ಸಾಮಾನ್ಯ ಸೆಟ್ ಎಳೆಯುವುದು ಸುಮಾರು 1–2 ಆಂಪಿಯರ್ ಅಷ್ಟೆ; ಫ್ಯೂಸ್ ರೇಟಿಂಗ್ ಮಾತ್ರ ಸೆಟ್‌ನ ಕೈಪಿಡಿಯಲ್ಲಿ ಹೇಳಿದ್ದೇ ಇರಲಿ. ತಗಡಿನ ತೂತಿನಲ್ಲಿ ವೈರ್ ಹಾಯುವಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ.

24 ವೋಲ್ಟ್‌ನ ಲಾರಿಯಾದರೆ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆಯಬೇಡಿ, ಚಾರ್ಜ್ ಏರುಪೇರಾಗಿ ಬ್ಯಾಟರಿ ಬೇಗ ಹಾಳಾಗುತ್ತದೆ. 24 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ನೇರ ಬ್ಯಾಟರಿಗೆ ಕೊಟ್ಟ ಸೆಟ್ ಕೀ ತೆಗೆದರೂ ಆಫ್ ಆಗದು, ನೆನಪಿಟ್ಟು ಆರಿಸಿ. ಆಂಟೆನಾ ಜೋಡಿಸದೆ ಮೈಕ್ ಬಟನ್ ಒತ್ತಲೇಬೇಡಿ.