ಊರಿನ ಗಾಳಿ ಒಂದು, ಮನೆಯ ಗಾಳಿ ಇನ್ನೊಂದು

ಮೊದಲ ಸಲ ಊರು ಬದಲಿಸಿದಾಗ ನಾನು ನೋಡಿದ್ದು ಒಂದೇ ಅಂಕಿ, ಹೊರಗಿನ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಎಕ್ಯೂಐ. ಆ ಊರಿನಲ್ಲಿ ಅದು ಹೆಚ್ಚಿನ ದಿನ ಹಸಿರು ಬಣ್ಣದಲ್ಲೇ ಇರುತ್ತಿತ್ತು. ಖುಷಿಯಿಂದ ಹೋದೆ. ಮೂರನೇ ವಾರಕ್ಕೆ ಬೆಳಿಗ್ಗೆ ಎದ್ದರೆ ಸಾಲು ಸಾಲು ಸೀನು, ಮೂಗು ಬಂದ್. ರಾತ್ರಿ ಮಲಗಿದರೆ ಎದೆಯಲ್ಲಿ ಸುಯ್ ಅಂತ ಸದ್ದು. "ಇಷ್ಟು ಒಳ್ಳೆ ಗಾಳಿ ಇರೋ ಊರಲ್ಲಿ ನಿನಗೇನಾಯ್ತು?" ಅಂತ ಎಲ್ಲರೂ ಕೇಳುತ್ತಿದ್ದರು.

ಉತ್ತರ ಸಿಕ್ಕಿದ್ದು, ಯಾವುದಕ್ಕೆ ಅಲರ್ಜಿ ಅಂತ ತಿಳಿಸುವ ಸ್ಕಿನ್ ಪ್ರಿಕ್ ಟೆಸ್ಟ್ ಮಾಡಿಸಿದಾಗ. ವೈದ್ಯರು ಹೇಳಿದಂತೆ ಅಲರ್ಜಿ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಿದ್ದೆ. ಮುಂಗೈ ಮೇಲೆ ಅಲರ್ಜಿ ತರುವ ಬೇರೆ ಬೇರೆ ವಸ್ತುಗಳ ಹನಿಗಳನ್ನಿಟ್ಟು ಮೆಲ್ಲಗೆ ಚುಚ್ಚಿದರು. ಕಾಲು ಗಂಟೆಯೊಳಗೆ ಎರಡು ಕಡೆ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದಿತು. ಒಂದು, ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿ, ಡಸ್ಟ್ ಮೈಟ್. ಇನ್ನೊಂದು, ಗೋಡೆಯ ಬೂಷ್ಟು. ಇವೆರಡೂ ಎಕ್ಯೂಐ ಲೆಕ್ಕಕ್ಕೆ ಬರುವುದೇ ಇಲ್ಲ. ಹೂವಿನ ಪರಾಗವೂ ಬರುವುದಿಲ್ಲ. ಹಾಗಂತ ಆ ಅಂಕಿ ಬೇಡ ಅಂತಲ್ಲ. ಮೊದಲೇ ಕೆರಳಿದ ಮೂಗನ್ನು ಹೊಗೆ ಇನ್ನೂ ಕೆರಳಿಸುತ್ತದೆ.

ಎರಡನೇ ಸಲ ಊರು ಬದಲಿಸುವಾಗ ಇವತ್ತಿನ ಅಂಕಿಯನ್ನಾಗಲಿ, ವರ್ಷದ ಸರಾಸರಿಯನ್ನಾಗಲಿ ನೋಡಿ ಸುಮ್ನಾಗಲಿಲ್ಲ. ಹಿಂದಿನ ಇಡೀ ವರ್ಷದ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ ಲೆಕ್ಕವನ್ನು ದಿನದಿನಕ್ಕೂ ತೆಗೆದು ನೋಡಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ ಘನ ಮೀಟರಿಗೆ 15 ಮೈಕ್ರೋಗ್ರಾಂ. ಅದನ್ನು ದಾಟಿದ ದಿನಗಳು ಯಾವ ತಿಂಗಳಲ್ಲಿ ಜಾಸ್ತಿ ಅಂತ ಎಣಿಸಿದೆ. ಚಳಿಗಾಲದಲ್ಲಿ ತಣ್ಣನೆ ಗಾಳಿ ನೆಲದ ಹತ್ತಿರವೇ ನಿಲ್ಲುತ್ತದೆ, ಹೊಗೆ ಮೇಲೇಳುವುದಿಲ್ಲ. ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ಇದು ತಿಳಿಯುವುದೇ ಇಲ್ಲ.

ಆಮೇಲೆ ಮನೆ ಹುಡುಕಾಟ. ರಜಾ ದಿನ ಬೆಳಿಗ್ಗೆ ಹೋಗದೆ, ಬೇಕಂತಲೇ ಕೆಲಸದ ದಿನ ಸಂಜೆ, ವಾಹನ ತುಂಬಿರುವ ಹೊತ್ತಿಗೆ ಹೋದೆ. ಜೇಬಿನಲ್ಲಿ ಒಂದು ಒದ್ದೆ ಬಿಳಿ ಬಟ್ಟೆ. ದೊಡ್ಡ ರಸ್ತೆಗೆ ತಾಗಿದ ಮನೆಯಲ್ಲಿ ಕಿಟಕಿಯ ಅಂಚು ಒರೆಸಿದರೆ ಕಾಡಿಗೆಯಂಥ ಜಿಡ್ಡು ಮಸಿ. ಎರಡು ಬೀದಿ ಒಳಗಿದ್ದ ಮನೆಯಲ್ಲಿ ಬರೀ ಕಂದು ಧೂಳು. ವಾಹನದ ಹೊಗೆ ರಸ್ತೆಯಿಂದ ಕೆಲವು ನೂರು ಮೀಟರ್ ದೂರ ಹೋದರೆ ಸಾಕಷ್ಟು ತಗ್ಗುತ್ತದೆ.

ಆ ಒಳಗಿನ ಮನೆ ನನಗೆ ತುಂಬ ಇಷ್ಟವಾಗಿತ್ತು. ಒಳ್ಳೆ ಬೆಳಕು. "ಈಗಷ್ಟೇ ಪೇಂಟ್ ಮಾಡಿಸಿದ್ದೀವಿ, ನೋಡಿ" ಅಂದರು ಮಾಲೀಕರು. ಬೀರುವನ್ನು ಒಂದು ಗೇಣು ಮುಂದೆ ಎಳೆಯಬಹುದಾ ಅಂತ ಕೇಳಿದೆ. ಹಿಂದೆ ಗೋಡೆಯ ಬುಡದಲ್ಲಿ ಪೇಂಟ್ ಉಬ್ಬಿತ್ತು. ಅಂಗೈ ಇಟ್ಟರೆ ತಣ್ಣಗಿತ್ತು. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು, ಮುಗ್ಗಲು ವಾಸನೆ. ನಾನು ತಂದಿದ್ದ ಪುಟ್ಟ ಮಾಪಕ ಕೋಣೆಯ ಗಾಳಿಯ ತೇವಾಂಶ ಶೇಕಡಾ 72 ಅಂತ ತೋರಿಸಿತು. 50 ದಾಟಿದರೇ ಡಸ್ಟ್ ಮೈಟ್‌ಗೆ ಹಬ್ಬ. ಮನಸ್ಸಿಲ್ಲದಿದ್ದರೂ ಆ ಮನೆ ಬಿಟ್ಟೆ.

ಕೊನೆಗೆ ಒಪ್ಪಿದ ಮನೆಗೆ ಮುಂಗಡ ಕೊಡುವ ಮೊದಲು, ಅದೇ ಬೀದಿಯಲ್ಲಿ ಎರಡು ರಾತ್ರಿ ತಂಗಿದ್ದೆ. ಅಕ್ಕಪಕ್ಕದವರನ್ನು ಎರಡೇ ಪ್ರಶ್ನೆ ಕೇಳಿದೆ. ಇಲ್ಲಿ ಕಸ ಸುಡ್ತಾರಾ? ಮಳೆಗಾಲದಲ್ಲಿ ಗೋಡೆ ಒದ್ದೆಯಾಗುತ್ತಾ? ಯಾವ ಮಾಪಕಕ್ಕಿಂತಲೂ ಇದು ಉಪಯೋಗಕ್ಕೆ ಬಂತು. ಇಂಥ ವಿಷಯವನ್ನು ಜನ ಮುಚ್ಚಿಡುವುದಿಲ್ಲ, ಕೇಳಬೇಕು ಅಷ್ಟೇ.

ಈಗ ವಾರಕ್ಕೊಮ್ಮೆ ಹಾಸು ಹೊದಿಕೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುತ್ತೇನೆ. ಹೊಸ ಜಾಗದ ಪರಾಗಕ್ಕೆ ಅಲರ್ಜಿ ಶುರುವಾಗಲು ಕೆಲವು ವರ್ಷವೇ ಹಿಡಿಯಬಹುದು. ಹಾಗಾಗಿ ಹೊಸ ಊರಿನಲ್ಲೂ ಒಬ್ಬ ಅಲರ್ಜಿ ವೈದ್ಯರನ್ನು ಗೊತ್ತು ಮಾಡಿಕೊಂಡಿದ್ದೇನೆ. ಸೀನು ಬಂದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೇನೆ. ಈ ತಿಂಗಳು ಇಲ್ಲಿಯವರೆಗೆ ಮೂರು ಗುರುತು. ಹಳೆ ಮನೆಯಲ್ಲಿ ಒಂದು ದಿನವೂ ಖಾಲಿ ಇರುತ್ತಿರಲಿಲ್ಲ.